ರಾಯಲ್ ಸ್ಕಾಟಿಷ್ ಅಕಾಡೆಮಿ: ಕಲಾವಿದರೇ ಕಟ್ಟಿದ ಸಂಸ್ಥೆಗೆ ಸ್ವಂತ ಮನೆ ಏಕಿರಲಿಲ್ಲ?

ಚಿತ್ರಭಿತ್ತಿ

ಎಡಿನ್‌ಬರೊ ನಗರದ ಪ್ರಿನ್ಸಸ್ ಸ್ಟ್ರೀಟ್‌ನಿಂದ ಹಳೆಯ ಊರಿನ ಕಡೆಗೆ ಏರುವ ಮೌಂಡ್ ಎಂಬ ದಿಬ್ಬದ ಬುಡದಲ್ಲಿ ಗ್ರೀಕ್ ದೇಗುಲಗಳನ್ನು ನೆನಪಿಸುವ ಎರಡು ಕಟ್ಟಡಗಳು ಒಂದರ ಹಿಂದೆ ಒಂದು ನಿಂತಿವೆ. ರಸ್ತೆಗೆ ಮುಖ ಮಾಡಿರುವ ಡೋರಿಕ್ ಕಂಬಗಳ ಕಟ್ಟಡ ಇಂದು ರಾಯಲ್ ಸ್ಕಾಟಿಷ್ ಅಕಾಡೆಮಿಯ ಹೆಸರಿನಲ್ಲಿದೆ. ಅದರ ಹಿಂದಿರುವ, ಅಯೋನಿಕ್ ಕಂಬಗಳ ಕಟ್ಟಡ ರಾಷ್ಟ್ರೀಯ ಚಿತ್ರಶಾಲೆ. ಎರಡನ್ನೂ ವಿನ್ಯಾಸಗೊಳಿಸಿದವರು ವಿಲಿಯಂ ಹೆನ್ರಿ ಪ್ಲೇಫೇರ್. ಆದರೆ ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಈ ಎರಡರಲ್ಲಿ ಒಂದೂ ಅಕಾಡೆಮಿಯ ಸ್ವತ್ತಾಗಿರಲಿಲ್ಲ. ಕಲಾವಿದರು ತಾವೇ ಕಟ್ಟಿ, ತಾವೇ ನಡೆಸಿ, ಪ್ರದರ್ಶನಗಳಿಂದ ಬಂದ ಹಣವನ್ನೇ ನೆಚ್ಚಿಕೊಂಡು ಬಾಳಿದ ಸಂಸ್ಥೆಯೊಂದು ತನ್ನ ಆಯುಷ್ಯದ ಬಹುಭಾಗವನ್ನು ಇತರರ ಸೂರಿನಡಿ ಕಳೆಯಬೇಕಾದದ್ದು ಏಕೆ ಎಂಬ ಪ್ರಶ್ನೆಯನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಅಕಾಡೆಮಿಯ ಇತಿಹಾಸವನ್ನು ಅಧ್ಯಕ್ಷರ ಹೆಸರುಗಳ ಸರಣಿಯಾಗಿ ಹೇಳುವ ರೂಢಿಯಿದೆ. ಕಟ್ಟಡದ ಮೇಲೆ ಯಾರಿಗೆ ಹಕ್ಕಿತ್ತು, ಗೋಡೆಯ ಮೇಲೆ ಯಾವ ಚಿತ್ರ ತೂಗಬೇಕೆಂದು ಯಾರು ನಿರ್ಧರಿಸುತ್ತಿದ್ದರು ಎಂದು ಕೇಳುತ್ತ ಓದಿದರೆ ಅದೇ ಇತಿಹಾಸ ಇನ್ನಷ್ಟು ತಿಳಿಯಾಗುತ್ತದೆ ಎಂಬುದು ನನ್ನ ವಾದ.

ಹಿನ್ನೆಲೆಯನ್ನು ಮೊದಲು ಹೇಳುತ್ತೇನೆ. 1808ರಿಂದ 1813ರವರೆಗೆ ಎಡಿನ್‌ಬರೊದ ಚಿತ್ರಕಾರರು ಒಂದು ಒಕ್ಕೂಟ ಮಾಡಿಕೊಂಡು ವಾರ್ಷಿಕ ಪ್ರದರ್ಶನಗಳನ್ನು ನಡೆಸಿದ್ದರು. ಜನ ಬಂದರು, ಹಣ ಕೂಡಿತು. ಕೂಡಿದ ಹಣವನ್ನು ಮುಂದಿನ ದಿನಗಳಿಗಾಗಿ ಇಡಬೇಕೋ ಸದಸ್ಯರಲ್ಲಿ ಹಂಚಬೇಕೋ ಎಂಬ ವಿಷಯದಲ್ಲಿ ಒಡಕು ಹುಟ್ಟಿ ಒಕ್ಕೂಟವೇ ಮುರಿಯಿತು. ಆ ಜಾಗವನ್ನು ತುಂಬಿದವರು ಕಲಾವಿದರಲ್ಲ, ಶ್ರೀಮಂತರು. 1819ರಲ್ಲಿ ಗಣ್ಯರೂ ಜಮೀನುದಾರರೂ ಸೇರಿ ಸ್ಕಾಟ್ಲೆಂಡಿನ ಲಲಿತಕಲೆಗಳ ಪ್ರೋತ್ಸಾಹಕ್ಕಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಅದು ರಾಯಲ್ ಇನ್‌ಸ್ಟಿಟ್ಯೂಷನ್ ಎಂದು ಹೆಸರಾಯಿತು. ಮಾದರಿ ಲಂಡನ್ನಿನ ಬ್ರಿಟಿಷ್ ಇನ್‌ಸ್ಟಿಟ್ಯೂಷನ್. ಅದರ ಮೊದಲ ಪ್ರದರ್ಶನಗಳು ಯಾರ್ಕ್ ಪ್ಲೇಸ್‌ನಲ್ಲಿದ್ದ ಭಾವಚಿತ್ರಕಾರ ಹೆನ್ರಿ ರೇಬರ್ನ್ ಅವರ ಚಿತ್ರಶಾಲೆಯಲ್ಲಿ ನಡೆದವು. ಅಲ್ಲಿ ತೂಗಿದ್ದು ಸದಸ್ಯರ ಮನೆಗಳಲ್ಲಿದ್ದ ಪ್ರಾಚೀನ ಮಹಾಕಲಾವಿದರ ಚಿತ್ರಗಳು. ಜೀವಂತ ಕಲಾವಿದರ ಸರದಿ ಬಂದದ್ದು 1821ರಿಂದ. ಕಲಾವಿದರನ್ನು ಸಹಸದಸ್ಯರೆಂದು ಸೇರಿಸಿಕೊಂಡರೂ ಆಡಳಿತದಲ್ಲಿ ಅವರಿಗೆ ಮಾತಿರಲಿಲ್ಲ. ಪ್ರದರ್ಶನ ಅವರ ಚಿತ್ರಗಳಿಂದ ನಡೆಯುತ್ತಿತ್ತು, ಅದರ ಲೆಕ್ಕಪತ್ರ ಇತರರ ಕೈಯಲ್ಲಿತ್ತು.

ಈ ಅಸಮಾಧಾನವೇ 1826ರಲ್ಲಿ ಸ್ಕಾಟಿಷ್ ಅಕಾಡೆಮಿಯಾಗಿ ರೂಪ ತಳೆಯಿತು. ಭಾವಚಿತ್ರಕಾರ ಜಾರ್ಜ್ ವಾಟ್ಸನ್ ಮೊದಲ ಅಧ್ಯಕ್ಷರಾದರು. ವಿಲಿಯಂ ನಿಕೊಲ್ಸನ್ ಕಾರ್ಯದರ್ಶಿಯಾದರು. 1827ರ ಫೆಬ್ರುವರಿಯಲ್ಲಿ ವಾಟರ್‌ಲೂ ಪ್ಲೇಸ್‌ನ ಬಾಡಿಗೆ ಕೊಠಡಿಗಳಲ್ಲಿ ಮೊದಲ ಪ್ರದರ್ಶನ ತೆರೆಯಿತು. ಅದೇ 1827ರಲ್ಲಿ ಶ್ರೀಮಂತರ ಸಂಸ್ಥೆಗೆ ರಾಜ ಸನ್ನದು ದೊರೆಯಿತು. ಕಲಾವಿದರು ತಮ್ಮ ಸನ್ನದಿಗಾಗಿ 1838ರವರೆಗೆ ಕಾಯಬೇಕಾಯಿತು. ಈ ಹನ್ನೊಂದು ವರ್ಷಗಳ ಅಂತರದಲ್ಲಿಯೇ ಮುಂದಿನ ಎಲ್ಲ ತಿಕ್ಕಾಟದ ಬೀಜವಿದೆ ಎಂದು ನನಗೆ ತೋರುತ್ತದೆ. ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ_ಕಡತ

ಉತ್ತಮ ಪ್ರಶ್ನೆ. ಆದರೆ 1819ಕ್ಕಿಂತ ನೂರು ವರ್ಷ ಹಿಂದೆ ಹೋಗದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಏಕೆಂದರೆ ಆ ಡೋರಿಕ್ ಕಟ್ಟಡ ಕಲಾವಿದರದ್ದಲ್ಲ ಎಂಬಷ್ಟೇ ನಿಜ, ಅದು ಶ್ರೀಮಂತರ ಸಂಸ್ಥೆಯದ್ದೂ ಅಲ್ಲ ಎಂಬುದು. ಅದರ ಒಡೆತನ ಇದ್ದದ್ದು ಮೂರನೆಯ ಒಂದು ಮಂಡಳಿಯದು.

1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದಾದಾಗ, ಇಂಗ್ಲೆಂಡಿನ ರಾಷ್ಟ್ರೀಯ ಸಾಲದಲ್ಲಿ ಪಾಲು ಹೊರಬೇಕಾದ ಸ್ಕಾಟ್ಲೆಂಡಿಗೆ ಪರಿಹಾರವಾಗಿ 398,085 ಪೌಂಡುಗಳನ್ನು ಕೊಡಲು ಒಪ್ಪಂದವಾಯಿತು. ಮೀನುಗಾರಿಕೆಗೂ ಕೈಗಾರಿಕೆಗೂ ಉತ್ತೇಜನ ನೀಡುವುದು ಆ ಏರ್ಪಾಡಿನ ಒಂದು ಭಾಗವಾಗಿತ್ತು. ಆ ಕೆಲಸಕ್ಕೆಂದು 1727ರಲ್ಲಿ ಟ್ರಸ್ಟಿಗಳ ಮಂಡಳಿಯೊಂದನ್ನು ನೇಮಿಸಲಾಯಿತು. ಇದನ್ನು ಬೋರ್ಡ್ ಆಫ್ ಮ್ಯಾನುಫ್ಯಾಕ್ಚರ್ಸ್ ಎಂದೇ ಕರೆಯುತ್ತಾರೆ. ನಾರುಬಟ್ಟೆಯ ಗುಣಮಟ್ಟ, ಹೆರಿಂಗ್ ಮೀನಿನ ವ್ಯಾಪಾರ ಇವು ಅದರ ಕಾಳಜಿಗಳು. ನೇಯ್ಗೆಗೆ ಒಳ್ಳೆಯ ವಿನ್ಯಾಸ ಬೇಕು, ವಿನ್ಯಾಸಕ್ಕೆ ರೇಖಾಚಿತ್ರ ಬಲ್ಲವರು ಬೇಕು ಎಂದು ಮನಗಂಡ ಮಂಡಳಿ 1760ರಲ್ಲಿ ಒಂದು ಚಿತ್ರಕಲಾ ಶಾಲೆ ತೆರೆಯಿತು. ಫ್ರೆಂಚ್ ಮೂಲದ ವಿಲಿಯಂ ಡೆಲಕೂರ್ ಮೊದಲ ಗುರು. ಅದೇ ಟ್ರಸ್ಟೀಸ್ ಅಕಾಡೆಮಿ. ಅಲೆಕ್ಸಾಂಡರ್ ರನ್ಸಿಮನ್, ಡೇವಿಡ್ ಆಲನ್, ಜಾನ್ ಗ್ರೇಹಂ ಅವರಂಥವರು ಕಲಿಸುತ್ತ ಬಂದ ಹಾಗೆ ಬಟ್ಟೆಯ ನಮೂನೆ ಬರೆಯುವವರನ್ನು ತಯಾರಿಸಲು ಹುಟ್ಟಿದ ಶಾಲೆ ಚಿತ್ರಕಾರರನ್ನು ತಯಾರಿಸತೊಡಗಿತು. ಗ್ರೇಹಂ ಅವರ ಕೈಕೆಳಗೆ ಡೇವಿಡ್ ವಿಲ್ಕಿ ಮತ್ತು ವಿಲಿಯಂ ಆಲನ್ ಒಟ್ಟಿಗೆ ಕಲಿತರು. ಈ ಆಲನ್ ಅವರೇ ಮುಂದೆ ಆ ಶಾಲೆಯ ಮುಖ್ಯ ಗುರುವಾಗಿ, ವಾಟ್ಸನ್ ಅವರ ನಂತರ ಅಕಾಡೆಮಿಯ ಎರಡನೆಯ ಅಧ್ಯಕ್ಷರೂ ಆದರು.

1822ರಿಂದ 1826ರವರೆಗೆ ಪ್ಲೇಫೇರ್ ಕಟ್ಟಿದ ಮೊದಲ ಕಟ್ಟಡ ಈ ಮಂಡಳಿಯದು. ಅದರಲ್ಲಿ ಮಂಡಳಿಯ ಶಾಲೆ, ರಾಯಲ್ ಇನ್‌ಸ್ಟಿಟ್ಯೂಷನ್, ಎಡಿನ್‌ಬರೊ ರಾಯಲ್ ಸೊಸೈಟಿ, ಪುರಾತತ್ವ ಪ್ರೇಮಿಗಳ ಸಂಘ ಎಲ್ಲವೂ ಸೇರಿಕೊಂಡಿದ್ದವು. ಅಂದರೆ ಅಕಾಡೆಮಿ ಹುಟ್ಟಿದ ವರ್ಷವೇ ಕಟ್ಟಡ ಸಿದ್ಧವಾಯಿತು, ಆದರೆ ಅದರ ಒಂದು ಕೊಠಡಿಯ ಬೀಗದ ಕೈಯೂ ಕಲಾವಿದರಿಗೆ ಸಿಗಲಿಲ್ಲ. ಸರ್ಕಾರದ ಕಣ್ಣಿನಲ್ಲಿ ಕಲೆ ಎಂದರೆ ಕೈಗಾರಿಕೆಯ ಒಂದು ಅಂಗ, ಅದರ ಉಸ್ತುವಾರಿ ಮಂಡಳಿಯದು. ಚಿತ್ರಭಿತ್ತಿಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ಎಂದು ನನ್ನ ಭಾವನೆ.

ಕಾವೇರಿತೀರ

ವಿಲ್ಕಿ ಅವರ ಹೆಸರು ಬಂದದ್ದರಿಂದ ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಫೈಫ್ ಪ್ರಾಂತ್ಯದ ಪಾದ್ರಿಯೊಬ್ಬರ ಮಗನಾದ ವಿಲ್ಕಿ ಟ್ರಸ್ಟೀಸ್ ಅಕಾಡೆಮಿಗೆ ಸೇರಿದ್ದು 1799ರಲ್ಲಿ. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದದ್ದು ನಮಗೆಲ್ಲ ಗೊತ್ತೇ ಇದೆ. ಆ ದಿನ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಸ್ಕಾಟ್ಲೆಂಡಿನವರೇ ಆದ ಡೇವಿಡ್ ಬೇರ್ಡ್. ಅವರು ತೀರಿಕೊಂಡ ಮೇಲೆ ಪತ್ನಿ ಲೇಡಿ ಬೇರ್ಡ್ ಗಂಡನ ಸ್ಮರಣೆಗಾಗಿ ಒಂದು ಚಿತ್ರ ಬರೆಯಲು ವಿಲ್ಕಿ ಅವರನ್ನು ಕೇಳಿಕೊಂಡರು. ಟಿಪ್ಪುವಿನ ದೇಹವನ್ನು ಬೇರ್ಡ್ ಪತ್ತೆಹಚ್ಚಿದ ದೃಶ್ಯವುಳ್ಳ ಆ ಬೃಹತ್ ಚಿತ್ರ 1839ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡಿತು. ಈಗ ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹಕ್ಕೆ ಸೇರಿದೆ.

ಚಿತ್ರದ ಎತ್ತರ ಸುಮಾರು ಮೂರೂವರೆ ಮೀಟರ್. ಕೋಟೆಯ ಬಾಗಿಲ ಮೆಟ್ಟಿಲ ಮೇಲೆ ಬೇರ್ಡ್ ನಿಂತಿದ್ದಾರೆ; ಸುತ್ತ ಕತ್ತಲೆ, ಬೆಳಕು ಅವರ ಮೇಲೆ ಚೆಲ್ಲಿದೆ. ಕೆಳಗೆ ದೀಪದ ಮಂದ ಬೆಳಕಿನಲ್ಲಿ ಟಿಪ್ಪುವಿನ ದೇಹ. ಬೇರ್ಡ್ ಅವರ ಕಾಲಡಿಯಲ್ಲಿ ಒಂದು ಕಬ್ಬಿಣದ ಜಾಲರಿ ಕಾಣುತ್ತದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕ ಬೇರ್ಡ್ ಅದೇ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದರು. ಆ ಜಾಲರಿ ಅದರ ಸೂಚನೆ. ಶ್ರೀರಂಗಪಟ್ಟಣದ ಬಿಸಿಲನ್ನೂ ಕಲ್ಲನ್ನೂ ಕಾಣದೆಯೇ ಲಂಡನ್ನಿನಲ್ಲಿ ಕುಳಿತು ಬರೆದ ಚಿತ್ರವಿದು. ಸೇಡು ತೀರಿದ ತೃಪ್ತಿಯನ್ನು ಧರ್ಮದ ಗೆಲುವಿನಂತೆ ತೋರಿಸುವ ಅದರ ಬಗೆಯನ್ನು ನಾನು ಒಪ್ಪಲಾರೆ. ಆದರೂ ಆ ದೀಪದ ಬೆಳಕನ್ನು ಬಿಡಿಸಿರುವ ಕೈಯ ಬಲ್ಮೆಯನ್ನು ಅಲ್ಲಗಳೆಯಲಾಗದು. ಆ ಬಲ್ಮೆಗೆ ಮೊದಲ ಪಾಠ ಸಿಕ್ಕಿದ್ದು ಹಳೆಯ_ಕಡತ ಅವರು ಹೇಳಿದ ಆ ನಾರುಬಟ್ಟೆ ಮಂಡಳಿಯ ಶಾಲೆಯಲ್ಲಿ ಎಂಬುದು ಗಮನಾರ್ಹ.

ನನ್ನ ಪ್ರಶ್ನೆ ಇಷ್ಟು: 1826ರ ಜಗಳದಲ್ಲಿ ವಿಲ್ಕಿ ಅವರಂಥ ದೊಡ್ಡವರು ಯಾರ ಪಕ್ಷ ವಹಿಸಿದರು?

ಚಿತ್ರಭಿತ್ತಿ

ವಿಲ್ಕಿ ಆ ಹೊತ್ತಿಗೆ ಲಂಡನ್ನಿಗೆ ಹೋಗಿ ಎರಡು ದಶಕ ಕಳೆದಿತ್ತು. ಅವರು 1811ರಿಂದಲೇ ಲಂಡನ್ ಅಕಾಡೆಮಿಯ ಪೂರ್ಣ ಸದಸ್ಯರು. ಎಡಿನ್‌ಬರೊದ ಜಗಳ ಹೊಟ್ಟೆಪಾಡಿನ ಜಗಳವಾಗಿತ್ತು, ಅದನ್ನು ಆಡಿದವರು ಅಲ್ಲಿಯೇ ಉಳಿದವರು. ನನಗೆ ಮುಖ್ಯವಾಗಿ ಕಾಣುವುದು ಇನ್ನೊಬ್ಬ ಹಿರಿಯರ ಗೈರುಹಾಜರಿ. ಸ್ಕಾಟ್ಲೆಂಡಿನ ಕಲಾವಿದರೆಲ್ಲ ಗೌರವಿಸುತ್ತಿದ್ದ ರೇಬರ್ನ್ 1823ರಲ್ಲಿ ತೀರಿಕೊಂಡಿದ್ದರು. ಇನ್‌ಸ್ಟಿಟ್ಯೂಷನ್ನಿನ ಗಣ್ಯರೊಂದಿಗೆ ಸರಿಸಮನಾಗಿ ಕುಳಿತು ಮಾತನಾಡಬಲ್ಲ ಇನ್ನೊಬ್ಬ ಕಲಾವಿದ ಆಗ ಊರಿನಲ್ಲಿರಲಿಲ್ಲ. ಅವರಿದ್ದಿದ್ದರೆ ಜಗಳ ಒಡಕಿನವರೆಗೆ ಹೋಗುತ್ತಿತ್ತೋ ಇಲ್ಲವೋ ಎಂದು ನಾನು ಅನೇಕ ಬಾರಿ ಯೋಚಿಸಿದ್ದೇನೆ.

ಅಕಾಡೆಮಿಯ ಮೊದಲ ವರ್ಷಗಳು ಕಷ್ಟದವು. ಸಹಿ ಹಾಕಿದವರಲ್ಲಿ ಕೆಲವರು ಹಿಂದೆ ಸರಿದರು. ಅನೇಕ ಒಳ್ಳೆಯ ಕಲಾವಿದರು ಇನ್‌ಸ್ಟಿಟ್ಯೂಷನ್ನಿನ ಕಡೆಯೇ ಉಳಿದರು. ಒಂದು ಸಣ್ಣ ಊರಿನಲ್ಲಿ ಎರಡು ಪೈಪೋಟಿಯ ಪ್ರದರ್ಶನಗಳು. ಕೊನೆಗೆ ಇಬ್ಬರು ವಕೀಲರ ಮಧ್ಯಸ್ಥಿಕೆಯಲ್ಲಿ 1829ರಲ್ಲಿ ರಾಜಿಯಾಯಿತು. ಇನ್‌ಸ್ಟಿಟ್ಯೂಷನ್ನಿನ ಜೊತೆಗಿದ್ದ 24 ಕಲಾವಿದರು ಅಕಾಡೆಮಿಗೆ ಬಂದು ಸೇರಿದರು. ಅಲ್ಲಿಂದಾಚೆಗೆ ಜೀವಂತ ಕಲಾವಿದರ ಪ್ರದರ್ಶನ ಅಕಾಡೆಮಿಯ ಕೈಗೆ ಬಂತು. ಇದನ್ನು ನಾನು ಕಲಾವಿದರ ಸ್ಪಷ್ಟ ಗೆಲುವು ಎಂದೇ ಪರಿಗಣಿಸುತ್ತೇನೆ.

ತೀರ್ಪುಗಾರ

ಚಿತ್ರಭಿತ್ತಿಯವರ ನಿರೂಪಣೆ ಚೆನ್ನಾಗಿದೆ, ಆದರೆ ಅದು ಒಂದು ಪಕ್ಷದ ಕಡೆಗೆ ವಾಲಿದೆ ಎಂದು ವಿನಯದಿಂದ ಹೇಳಬಯಸುತ್ತೇನೆ.

ಮೊದಲು ಆ ಮಧ್ಯಸ್ಥಿಕೆಯ ಸ್ವರೂಪ ನೋಡೋಣ. ಮಧ್ಯಸ್ಥರಲ್ಲಿ ಒಬ್ಬರು ಜಾನ್ ಹೋಪ್, ಆಗ ಸ್ಕಾಟ್ಲೆಂಡಿನ ಸಾಲಿಸಿಟರ್ ಜನರಲ್, ಟೋರಿ ಪಕ್ಷದವರು. ಇನ್ನೊಬ್ಬರು ಹೆನ್ರಿ ಕಾಕ್‌ಬರ್ನ್, ವಿಗ್ ಪಕ್ಷದ ಪ್ರಮುಖ ವಕೀಲರು. ಎಡಿನ್‌ಬರೊದ ಹಳೆಯ ಸೌಂದರ್ಯವನ್ನು ಉಳಿಸಲು ಹೋರಾಡಿದವರೆಂದು ಅವರ ಹೆಸರು ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ನ್ಯಾಯಾಲಯದಲ್ಲಿಯೂ ರಾಜಕೀಯದಲ್ಲಿಯೂ ಎದುರಾಳಿಗಳಾಗಿದ್ದ ಇಬ್ಬರು ಒಂದೇ ತೀರ್ಮಾನಕ್ಕೆ ಬಂದರು ಎಂಬುದರಿಂದಲೇ ಅದಕ್ಕೆ ಬೆಲೆ ಬಂತು. ಆ ತೀರ್ಮಾನದಿಂದ 24 ಮಂದಿ ಒಮ್ಮೆಗೇ ಒಳಗೆ ಬಂದರೆಂದರೆ, ಅದುವರೆಗಿನ ಅಕಾಡೆಮಿ ಸ್ಕಾಟಿಷ್ ಕಲಾವಿದರೆಲ್ಲರ ಪ್ರತಿನಿಧಿಯಾಗಿರಲಿಲ್ಲ ಎಂದೇ ಅರ್ಥವಾಗುತ್ತದೆ. ಗೆದ್ದದ್ದು 1826ರ ಸಣ್ಣ ಗುಂಪಲ್ಲ, 1829ರ ಕೂಡಾವಳಿ.

ಎರಡನೆಯದಾಗಿ, ಶ್ರೀಮಂತರ ಸಂಸ್ಥೆ ಕೇವಲ ದರ್ಪದ ಕೂಟವಾಗಿರಲಿಲ್ಲ. ಟ್ರಸ್ಟೀಸ್ ಅಕಾಡೆಮಿಯಲ್ಲಿ ಕಲಿಸಿದ್ದ ಆಂಡ್ರ್ಯೂ ವಿಲ್ಸನ್ ಇಟಲಿಯಲ್ಲಿ ನೆಲೆಸಿದಾಗ ಅವರ ಮೂಲಕ ಇನ್‌ಸ್ಟಿಟ್ಯೂಷನ್ 1830ರಲ್ಲಿ ಜಿನೋವಾದಿಂದ ವ್ಯಾನ್ ಡೈಕ್ ಬರೆದ ಲೊಮೆಲ್ಲಿನಿ ಕುಟುಂಬದ ಚಿತ್ರವನ್ನು ಕೊಂಡು ತರಿಸಿತು. ಎಡಿನ್‌ಬರೊದ ಚಿತ್ರಶಾಲೆಯ ಪಾಲಿಗೆ ಅದು ಇಂದಿಗೂ ಕಿರೀಟದಂಥ ಕೃತಿ. ಬಾಡಿಗೆ ಕೊಠಡಿಯಲ್ಲಿದ್ದ ಕಲಾವಿದರ ಕೈಯಲ್ಲಿ ಅಂಥ ಖರೀದಿ ಸಾಧ್ಯವಿತ್ತೇ? ಎಳೆಯ ಚಿತ್ರಕಾರ ಎದುರಿಗೆ ನಿಂತು ಕಲಿಯಲು ಹಿರಿಯರ ಚಿತ್ರಗಳು ಬೇಕು. ಅವನ್ನು ಕೂಡಿಸುವ ಶಕ್ತಿ ಆಗ ಶ್ರೀಮಂತರಿಗೆ ಮಾತ್ರ ಇತ್ತು.

ಚಿತ್ರಭಿತ್ತಿ

ತೀರ್ಪುಗಾರರ ಮಾತಿನಲ್ಲಿ ತಿರುಳಿದೆ. ಆದರೆ ಕೊನೆಯ ಪ್ರಶ್ನೆಗೆ ಅಕಾಡೆಮಿಯ ದಾಖಲೆಯೇ ಉತ್ತರ ಕೊಡುತ್ತದೆ. 1825ರಲ್ಲಿ ವಿಲಿಯಂ ಎಟ್ಟಿ ಲಂಡನ್ನಿನಲ್ಲಿ ಪ್ರದರ್ಶಿಸಿದ 'ದಿ ಕಾಂಬ್ಯಾಟ್' ಎಂಬ ಭಾರಿ ಚಿತ್ರ, ಸೋತವನನ್ನು ಕೊಲ್ಲದಂತೆ ಹೆಣ್ಣೊಬ್ಬಳು ಯೋಧನನ್ನು ತಡೆಯುವ ದೃಶ್ಯ, ಅಷ್ಟು ದೊಡ್ಡದನ್ನು ತೂಗುವ ಗೋಡೆ ಯಾರಲ್ಲಿಯೂ ಇಲ್ಲದ್ದರಿಂದ ಕೊಳ್ಳುವವರಿಲ್ಲದೆ ಕೊನೆಗೆ ಚಿತ್ರಕಾರ ಜಾನ್ ಮಾರ್ಟಿನ್ ಅವರ ಪಾಲಾಗಿತ್ತು. 1831ರಲ್ಲಿ ಅದನ್ನು ಕೊಂಡದ್ದು ಸ್ಕಾಟಿಷ್ ಅಕಾಡೆಮಿ. ಜುಡಿತ್‌ಳ ಕಥೆಯನ್ನು ಕುರಿತ ಎಟ್ಟಿ ಅವರ ಮೂರು ದೊಡ್ಡ ಚಿತ್ರಗಳನ್ನೂ ಅದೇ ಕಾಲದಲ್ಲಿ ಅಕಾಡೆಮಿ ಕೊಂಡಿತು. ಹುಟ್ಟಿ ಐದು ವರ್ಷವೂ ತುಂಬದ, ಸ್ವಂತ ಗೋಡೆಯಿಲ್ಲದ, ಸನ್ನದೂ ಸಿಕ್ಕಿರದ ಸಂಸ್ಥೆಯೊಂದು ಇಷ್ಟು ದೊಡ್ಡ ಚಿತ್ರಗಳನ್ನು ಕೊಂಡದ್ದು ಆತ್ಮವಿಶ್ವಾಸದ ಘೋಷಣೆಯಾಗಿತ್ತು. 1813ರಲ್ಲಿ ಕೂಡಿದ ಹಣವನ್ನು ಹಂಚಿಕೊಂಡು ಚದುರಿದವರ ಮುಂದಿನ ತಲೆಮಾರು ಹಣವನ್ನು ಚಿತ್ರಗಳಲ್ಲಿ ತೊಡಗಿಸಿತು ಎಂಬುದು ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ.

ಇದರ ಜೊತೆಗೆ ಡಿಪ್ಲೊಮಾ ಕೃತಿಯ ನಿಯಮವನ್ನೂ ನೆನೆಯಬೇಕು. ಪೂರ್ಣ ಸದಸ್ಯರಾಗಿ ಆಯ್ಕೆಯಾದ ಪ್ರತಿಯೊಬ್ಬ ಕಲಾವಿದರೂ ತಮ್ಮ ಒಂದು ಕೃತಿಯನ್ನು ಅಕಾಡೆಮಿಗೆ ಒಪ್ಪಿಸಬೇಕು. ಹೀಗಾಗಿ ಯಾವ ಶ್ರೀಮಂತನ ಔದಾರ್ಯವನ್ನೂ ಕಾಯದೆ ಒಂದು ಸಂಗ್ರಹ ತಲೆಮಾರಿನಿಂದ ತಲೆಮಾರಿಗೆ ತಾನೇ ಬೆಳೆಯುತ್ತ ಬಂದಿದೆ.

ಹಳೆಯ_ಕಡತ

1835ರಿಂದ ಅಕಾಡೆಮಿ ತನ್ನ ಪ್ರದರ್ಶನಗಳನ್ನು ಮೌಂಡ್ ಬುಡದ ಅದೇ ಡೋರಿಕ್ ಕಟ್ಟಡಕ್ಕೆ ಸ್ಥಳಾಂತರಿಸಿತು ಎಂಬುದನ್ನು ಇಲ್ಲಿ ಸೇರಿಸಬೇಕು. ಪ್ಲೇಫೇರ್ ಆಗ ಅದನ್ನು ಹಿಗ್ಗಿಸುತ್ತಿದ್ದರು. ಆದರೆ ಅಕಾಡೆಮಿ ಅಲ್ಲಿ ಮಂಡಳಿಯ ಬಾಡಿಗೆದಾರ ಮಾತ್ರ. ಕೊಠಡಿಗಳನ್ನು ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಬಳಸಬಹುದು ಎಂಬ ವಿಷಯದಲ್ಲಿ 1840ರ ದಶಕದಲ್ಲಿ ಮಂಡಳಿಗೂ ಅಕಾಡೆಮಿಗೂ ನಡುವೆ ಕಹಿ ಬೆಳೆಯಿತು. ಸರ್ಕಾರ ಜಾನ್ ಶಾ ಲೆಫೆವ್ರ್ ಅವರನ್ನು ವಿಚಾರಣೆಗೆ ಕಳುಹಿಸಿತು. 1847ರ ಆ ವರದಿಯ ಫಲವಾಗಿಯೇ ಎರಡನೆಯ ಕಟ್ಟಡದ ಯೋಜನೆ ಮೂಡಿತು. ಸ್ಕಾಟ್ಲೆಂಡಿಗೆ ರಾಷ್ಟ್ರೀಯ ಚಿತ್ರಶಾಲೆ ದೊರೆತದ್ದಕ್ಕೆ ಒಂದು ಮುಖ್ಯ ಕಾರಣ ಒಡೆಯ ಮತ್ತು ಬಾಡಿಗೆದಾರರ ವ್ಯಾಜ್ಯ ಎಂದರೆ ತಪ್ಪಾಗಲಾರದು.

ಲೀತ್‌ನ_ಕನ್ನಡತಿ

ನಾನು ಈ ಊರಿನಲ್ಲಿಯೇ ವಾಸವಾಗಿರುವುದರಿಂದ ಎರಡನೆಯ ಕಟ್ಟಡದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನೆಲದ ವಿಚಾರ. ಮೌಂಡ್ ಸಹಜವಾದ ಗುಡ್ಡವಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೊಸ ಬಡಾವಣೆಗೆ ತಳಪಾಯ ಅಗೆದಾಗ ಬಂದ ಮಣ್ಣನ್ನು, ಬರಿದು ಮಾಡಿದ್ದ ಕೆರೆಯ ತಗ್ಗಿಗೆ ಬಂಡಿಗಟ್ಟಲೆ ಸುರಿದು ಹಾಕಿದ ದಿಬ್ಬ ಅದು. ಸುಮಾರು 15 ಲಕ್ಷ ಬಂಡಿ ಮಣ್ಣು ಎಂದು ಲೆಕ್ಕ ಹೇಳುತ್ತಾರೆ. 1846ರಲ್ಲಿ ಗ್ಲಾಸ್ಗೋ ಕಡೆಯ ರೈಲುಮಾರ್ಗ ಇದೇ ದಿಬ್ಬವನ್ನು ಸುರಂಗದಲ್ಲಿ ಕೊರೆದು ಹಾದುಹೋಯಿತು. ಸಡಿಲ ಮಣ್ಣು, ಕೆಳಗೆ ರೈಲು, ಹಿನ್ನೆಲೆಯಲ್ಲಿ ಕೋಟೆಯ ಬಂಡೆ. ಇಂಥ ಜಾಗದಲ್ಲಿ ಕಲ್ಲಿನ ಚಿತ್ರಶಾಲೆ ಕಟ್ಟುವುದಕ್ಕೆ ಪ್ಲೇಫೇರ್ ಅವರಿಗೆ ಸಾಕಷ್ಟು ಧೈರ್ಯ ಬೇಕಾಗಿತ್ತು. 1850ರ ಆಗಸ್ಟ್ 30ರಂದು ರಾಜಕುಮಾರ ಆಲ್ಬರ್ಟ್ ಅಡಿಗಲ್ಲು ಇಟ್ಟರು. ಪ್ಲೇಫೇರ್ 1857ರಲ್ಲಿ ತೀರಿಕೊಂಡರು; 1859ರ ಮಾರ್ಚ್‌ನಲ್ಲಿ ಚಿತ್ರಶಾಲೆಯ ಬಾಗಿಲು ತೆರೆದಾಗ ನೋಡಲು ಅವರಿರಲಿಲ್ಲ.

ಒಳಗಿನ ಏರ್ಪಾಡು ಈ ಚರ್ಚೆಗೆ ಬಹಳ ಮುಖ್ಯ. ಕಟ್ಟಡವನ್ನು ಉದ್ದಕ್ಕೆ ಸೀಳಿದಂತೆ ಎರಡು ಸಾಲು ಮಾಡಲಾಗಿತ್ತು: ಪೂರ್ವದ ಅರ್ಧ ಅಕಾಡೆಮಿಗೆ, ಪಶ್ಚಿಮದ ಅರ್ಧ ರಾಷ್ಟ್ರೀಯ ಸಂಗ್ರಹಕ್ಕೆ. ಇಂದು ಒಂದು ಎಂಟುಮೂಲೆಯ ಕೊಠಡಿಯಿಂದ ಕಮಾನಿನ ಮೂಲಕ ಇನ್ನೊಂದಕ್ಕೆ ದಾಟುತ್ತ ಹೋಗುವಾಗ ಆ ಎರಡು ಸಾಲುಗಳ ಜೋಡಣೆ ಚೆನ್ನಾಗಿ ಅರಿವಿಗೆ ಬರುತ್ತದೆ. ಗೋಡೆಯಲ್ಲಿ ಕಿಟಕಿಗಳಿಲ್ಲ, ಬೆಳಕು ಮೇಲ್ಛಾವಣಿಯ ಗಾಜಿನಿಂದ ಇಳಿಯುತ್ತದೆ. ಮೋಡ ಕವಿದಾಗ ಚಿತ್ರಗಳ ಬಣ್ಣ ಕಣ್ಣೆದುರೇ ಬದಲಾಗುವುದನ್ನು ಕಾಣಬಹುದು. ಗೋಡೆಗೆ ದ್ರಾಕ್ಷಾರಸದ ಗಾಢ ಕೆಂಪು, ನೆಲಕ್ಕೆ ಹಸಿರು ಜಮಖಾನೆ ಇರಬೇಕೆಂಬ ಮೂಲ ಯೋಜನೆ ಪ್ಲೇಫೇರ್ ಮತ್ತು ಅಲಂಕಾರಕಾರ ಡೇವಿಡ್ ರಾಮ್‌ಸೇ ಹೇ ಅವರದು. ಮಧ್ಯೆ ಅದು ಮರೆಯಾಗಿತ್ತು. 1980ರ ದಶಕದಲ್ಲಿ ನಿರ್ದೇಶಕ ಟಿಮೊತಿ ಕ್ಲಿಫರ್ಡ್ ಅದನ್ನು ಮತ್ತೆ ತಂದರು. ಚಿತ್ರಗಳನ್ನು ಒಂದರ ಮೇಲೊಂದು ಸಾಲಾಗಿ ತೂಗುವ ಹತ್ತೊಂಬತ್ತನೆಯ ಶತಮಾನದ ಪದ್ಧತಿಯೂ ಮರಳಿತು. ಇದನ್ನು ಒಪ್ಪದವರು ಅನೇಕರಿದ್ದಾರೆ. ಆ ಕೆಂಪಿನ ಮೇಲೆ ಚಿನ್ನದ ಚೌಕಟ್ಟುಗಳು ಬೆಳಗುವುದನ್ನು ಕಂಡ ನನಗೆ ಅದು ಸರಿಯಾದ ನಿರ್ಧಾರವೆಂದೇ ಅನ್ನಿಸುತ್ತದೆ.

ತೆರೆದ ವರ್ಷವೇ ಬಂದ ದಾನಗಳಲ್ಲಿ ಗೇನ್ಸ್‌ಬರೊ ಬರೆದ ಶ್ರೀಮತಿ ಗ್ರೇಹಂ ಅವರ ಭಾವಚಿತ್ರ ಅತ್ಯಂತ ಪ್ರಸಿದ್ಧ. 1792ರಲ್ಲಿ ಆಕೆ ತೀರಿಕೊಂಡ ಮೇಲೆ ಪತಿ ಥಾಮಸ್ ಗ್ರೇಹಂ ಆ ಚಿತ್ರವನ್ನು ನೋಡಲಾರದೆ ಕಣ್ಣಿಗೆ ಬೀಳದಂತೆ ಇರಿಸಿಬಿಟ್ಟರಂತೆ. ಅವರ ವಾರಸುದಾರರು 1859ರಲ್ಲಿ ಅದನ್ನು ಚಿತ್ರಶಾಲೆಗೆ ಕೊಟ್ಟಾಗ ಅದು ಎಂದೂ ಸ್ಕಾಟ್ಲೆಂಡ್ ಬಿಟ್ಟು ಹೋಗಬಾರದೆಂಬ ಷರತ್ತು ಹಾಕಿದರು. ಷರತ್ತುಗಳಿಗೆ ಇಲ್ಲಿ ಬಹಳ ಮರ್ಯಾದೆ. 1900ರಲ್ಲಿ ಹೆನ್ರಿ ವಾನ್ ಅವರ ಮರಣಶಾಸನದಂತೆ ಬಂದ ಟರ್ನರ್ ಅವರ 38 ಜಲವರ್ಣಗಳನ್ನು, ಬೆಳಕು ಕ್ಷೀಣವಾಗಿರುವ ಜನವರಿ ತಿಂಗಳಲ್ಲಿ ಮಾತ್ರ ಪ್ರದರ್ಶಿಸಬೇಕೆಂಬ ಅವರ ಇಚ್ಛೆಯನ್ನು ಪಾಲಿಸುತ್ತ ಬಂದಿದ್ದಾರೆ. ಇಷ್ಟು ಕಾಲವಾದರೂ ಆ ಕಾಗದಗಳ ನೀಲಿ ಮಾಸದೆ ಉಳಿದಿರುವುದನ್ನು ನೋಡಿದಾಗ ಆ ಮನುಷ್ಯನ ಮುಂದಾಲೋಚನೆಗೆ ಕೈಮುಗಿಯಬೇಕೆನಿಸುತ್ತದೆ.

ಕಾವೇರಿತೀರ

ಅಕ್ಕಾ, ತಮ್ಮ ವಿವರಣೆಗೆ ಧನ್ಯವಾದಗಳು. ಒಂದು ಸಂದೇಹ: ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬವರು ಛಾಯಾಗ್ರಹಣದ ಆದಿಪುರುಷರಲ್ಲಿ ಒಬ್ಬರಾದ ಹಿಲ್ ಅವರೇ?

ಲೀತ್‌ನ_ಕನ್ನಡತಿ

ಅವರೇ. 1830ರಿಂದ ಸುಮಾರು ನಾಲ್ಕು ದಶಕ ಅಕಾಡೆಮಿಯ ಕಾರ್ಯದರ್ಶಿ. ಮೂಲತಃ ಅವರು ನಿಸರ್ಗದೃಶ್ಯಗಳ ಚಿತ್ರಕಾರರು. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಇಬ್ಭಾಗವಾದಾಗ ಹೊರನಡೆದ ನೂರಾರು ಪಾದ್ರಿಗಳ ಸಭೆಯನ್ನು ಒಂದೇ ಚಿತ್ರದಲ್ಲಿ ಬರೆಯಲು ಅವರು ಸಂಕಲ್ಪಿಸಿದರು. ಅಷ್ಟೊಂದು ಮುಖಗಳನ್ನು ದಾಖಲಿಸಿಕೊಳ್ಳಲು ಯುವಕ ರಾಬರ್ಟ್ ಆಡಮ್‌ಸನ್ ಜೊತೆ ಸೇರಿ ಕಾಲ್ಟನ್ ಬೆಟ್ಟದ ರಾಕ್ ಹೌಸ್‌ನಲ್ಲಿ ಕ್ಯಾಲೊಟೈಪ್ ಎಂಬ, ಕಾಗದದ ನೆಗೆಟಿವ್ ಬಳಸುವ ಆರಂಭಿಕ ವಿಧಾನದ ಛಾಯಾಚಿತ್ರಗಳನ್ನು ತೆಗೆಯತೊಡಗಿದರು. 1848ರಲ್ಲಿ ಆಡಮ್‌ಸನ್ ಅಕಾಲ ಮರಣಕ್ಕೀಡಾಗುವ ಹೊತ್ತಿಗೆ ಅವರಿಬ್ಬರೂ ಪಾದ್ರಿಗಳನ್ನಷ್ಟೇ ಅಲ್ಲದೆ ನ್ಯೂಹೇವನ್ನಿನ ಬೆಸ್ತರನ್ನೂ ಮೀನು ಮಾರುವ ಹೆಂಗಸರನ್ನೂ ಸೆರೆಹಿಡಿದಿದ್ದರು. ಚಿತ್ರ ಮುಗಿದದ್ದು 1866ರಲ್ಲಿ. ನೆರವಿಗೆಂದು ತೆಗೆದ ಛಾಯಾಚಿತ್ರಗಳು ಅದಕ್ಕಿಂತ ಬಹಳ ದೊಡ್ಡ ಕೃತಿಗಳಾಗಿ ಉಳಿದವು.

ಸಂಸ್ಥೆಯ ಹಣಕಾಸಿಗೆ ಸಂಬಂಧಿಸಿದ ಇನ್ನೊಂದು ಕೆಲಸದಲ್ಲಿಯೂ ಹಿಲ್ ಅವರ ಪಾತ್ರವಿದೆ. 1834ರಲ್ಲಿ ಎಡಿನ್‌ಬರೊದಲ್ಲಿ ಕಲಾಪ್ರೋತ್ಸಾಹ ಸಂಘವೊಂದು ಹುಟ್ಟಿತು. ಸದಸ್ಯರು ವರ್ಷಕ್ಕೆ ಒಂದು ಗಿನಿ ಚಂದಾ ಕೊಡುತ್ತಿದ್ದರು. ಆ ಹಣದಿಂದ ಅಕಾಡೆಮಿಯ ಪ್ರದರ್ಶನದಲ್ಲಿನ ಚಿತ್ರಗಳನ್ನು ಕೊಂಡು ಚೀಟಿ ಎತ್ತಿ ಸದಸ್ಯರಿಗೆ ಹಂಚುತ್ತಿದ್ದರು. ಬ್ರಿಟನ್ನಿನಲ್ಲಿ ಈ ಬಗೆಯ ಮೊದಲ ಸಂಘವಿದು. ಕೋಟೆಮನೆಗಳಿಲ್ಲದ ವಕೀಲ, ವೈದ್ಯ, ವ್ಯಾಪಾರಿಗಳ ಮನೆಗೆ ಸ್ಕಾಟಿಷ್ ಕಲಾವಿದರ ಚಿತ್ರ ಬಂದದ್ದು ಹೀಗೆ. ಶ್ರೀಮಂತರ ಹಂಗು ತೊರೆದ ಕಲಾವಿದರಿಗೆ ಈ ಮಧ್ಯಮವರ್ಗವೇ ಆಸರೆಯಾಯಿತು.

ಕ್ಲೈಡ್_ದಂಡೆ

ಚರ್ಚೆ ಎಡಿನ್‌ಬರೊದಲ್ಲಿಯೇ ಸುತ್ತುತ್ತಿದೆ; ಗ್ಲಾಸ್ಗೋ ಹಿಡಿದ ದಾರಿ ಬೇರೆಯಾಗಿತ್ತೆಂದು ಜ್ಞಾಪಿಸುತ್ತೇನೆ. ಅಲ್ಲಿ ಸಾರೋಟು ತಯಾರಿಸುತ್ತಿದ್ದ ಆರ್ಚಿಬಾಲ್ಡ್ ಮೆಕ್‌ಲೆಲನ್ ತಮ್ಮ ಚಿತ್ರಸಂಗ್ರಹವನ್ನೂ ಸೋಕಿಹಾಲ್ ಸ್ಟ್ರೀಟ್‌ನಲ್ಲಿ ಕಟ್ಟಿಸುತ್ತಿದ್ದ ಚಿತ್ರಶಾಲೆಯನ್ನೂ ಊರಿಗೆ ಬಿಟ್ಟು 1854ರಲ್ಲಿ ತೀರಿಕೊಂಡರು. ಸಾಲವೂ ಇದ್ದುದರಿಂದ 1856ರಲ್ಲಿ ನಗರಸಭೆ ಎರಡನ್ನೂ 44,500 ಪೌಂಡಿಗೆ ಕೊಂಡುಕೊಂಡಿತು. 1861ರಲ್ಲಿ ಹುಟ್ಟಿದ ಗ್ಲಾಸ್ಗೋ ಲಲಿತಕಲಾ ಸಂಸ್ಥೆ ಅದೇ ಸಭಾಂಗಣಗಳಲ್ಲಿ ಪ್ರದರ್ಶನ ಆರಂಭಿಸಿತು. ಅಂದರೆ ಅಲ್ಲಿ ಮನೆಯೊಡೆಯ ನಗರಸಭೆ. 1880ರ ದಶಕದಲ್ಲಿ ಎಡಿನ್‌ಬರೊ ಅಕಾಡೆಮಿಯ ಕಂದುಬಣ್ಣದ ಐತಿಹಾಸಿಕ ದೃಶ್ಯಗಳಿಗೆ ಬೇಸತ್ತು, ಬಯಲಿನಲ್ಲಿ ಕುಳಿತು ಬರೆಯಲು ಹೊರಟ ಗ್ಲಾಸ್ಗೋದ ಯುವಕರ ಗುಂಪು ಬೆಳೆದದ್ದು ಈ ವಾತಾವರಣದಲ್ಲಿ. ಅವರ ಒತ್ತಾಯದ ಮೇರೆಗೆ 1891ರಲ್ಲಿ ಗ್ಲಾಸ್ಗೋ ನಗರಸಭೆ ವಿಸ್ಲರ್ ಬರೆದ ಕಾರ್ಲೈಲ್ ಅವರ ಭಾವಚಿತ್ರವನ್ನು ಕೊಂಡಿತು. ಆ ಗುಂಪಿನ ಜೇಮ್ಸ್ ಗತ್ರಿ 1902ರಲ್ಲಿ ಅದೇ ರಾಯಲ್ ಸ್ಕಾಟಿಷ್ ಅಕಾಡೆಮಿಯ ಅಧ್ಯಕ್ಷರಾದರು.

ಗ್ಲಾಸ್ಗೋ ಬಗ್ಗೆ ಹೇಳುವಾಗ ಬಿಡಬಾರದ ಇನ್ನೊಂದು ಸಂಘವಿದೆ: 1882ರಲ್ಲಿ ಅಲ್ಲಿನ ಕಲಾಶಾಲೆಯ ಹೆಣ್ಣುಮಕ್ಕಳು ಕಟ್ಟಿದ ಮಹಿಳಾ ಕಲಾವಿದರ ಸಂಘ. ಎಡಿನ್‌ಬರೊದ ಅಕಾಡೆಮಿಗೆ ಐವತ್ತು ವರ್ಷ ಕಳೆದರೂ ಸಿಗದ ಸ್ವಂತ ಮನೆಯನ್ನು ಅವರು 1890ರ ದಶಕದಲ್ಲಿಯೇ ಬ್ಲಿತ್ಸ್‌ವುಡ್ ಸ್ಕ್ವೇರ್‌ನಲ್ಲಿ ಪಡೆದುಕೊಂಡರು.

ಲೀತ್‌ನ_ಕನ್ನಡತಿ

ಈ ಮಾತು ಬಂದದ್ದು ಒಳ್ಳೆಯದಾಯಿತು. ಶ್ರೀಮಂತರ ಅಧಿಕಾರವನ್ನು ಪ್ರಶ್ನಿಸಿ ಹುಟ್ಟಿದ ಅಕಾಡೆಮಿ ಮಹಿಳೆಯರ ವಿಷಯದಲ್ಲಿ ತಾನೇ ಬಾಗಿಲು ಕಾಯುವ ಯಜಮಾನನಂತೆ ವರ್ತಿಸಿತು. ಎಡಿನ್‌ಬರೊದ ಗೋಡೆಚಿತ್ರಗಳಿಂದ ಹೆಸರಾದ ಫೀಬಿ ಟ್ರಾಕ್ವೇರ್ ಅವರನ್ನು 1900ರಲ್ಲಿ ನಿರಾಕರಿಸಿ, 1920ರಲ್ಲಿ ಗೌರವ ಸದಸ್ಯೆಯನ್ನಾಗಿ ಮಾಡಿಕೊಂಡಿತು. ಪೂರ್ಣ ಸದಸ್ಯತ್ವ ಪಡೆದ ಮೊದಲ ಮಹಿಳೆ ಶಿಲ್ಪಿ ಫಿಲಿಸ್ ಬೋನ್, ಅದು 1944ರಲ್ಲಿ. ಚಿತ್ರಕಾರರಲ್ಲಿ ಮೊದಲಿಗರಾದ ಆನ್ ರೆಡ್‌ಪಾತ್ ಅವರ ಸರದಿ 1952ರಲ್ಲಿ. ಸಂಸ್ಥೆ ಹುಟ್ಟಿ ಒಂದೂಕಾಲು ಶತಮಾನ ಕಳೆದಿತ್ತು. ಕಲಾವಿದರ ಸ್ವಾತಂತ್ರ್ಯದ ಕಥೆಯಾಗಿ ಇದನ್ನು ಹೇಳುವವರು ಈ ವರ್ಷಗಳನ್ನೂ ಹೇಳಬೇಕು.

ತೀರ್ಪುಗಾರ

ಸಂಪೂರ್ಣವಾಗಿ ಒಪ್ಪುತ್ತೇನೆ. ಶಿಕ್ಷಣದ ವಿಷಯದಲ್ಲಿಯೂ ಒಂದು ಮಾತು ಇದೆ. 1852ರಲ್ಲಿ ರಾಬರ್ಟ್ ಸ್ಕಾಟ್ ಲಾಡರ್ ಟ್ರಸ್ಟೀಸ್ ಅಕಾಡೆಮಿಯ ಗುರುವಾಗಿ ಬಂದು ಆರ್ಚರ್ಡ್‌ಸನ್, ಪೆಟ್ಟಿ, ಮೆಕ್‌ಟ್ಯಾಗರ್ಟ್, ಚಾಮರ್ಸ್ ಅವರಂಥ ಶಿಷ್ಯರನ್ನು ತಯಾರಿಸಿದರು. 1858ರಲ್ಲಿ ಆ ಶಾಲೆಯನ್ನು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಕಲಾಶಿಕ್ಷಣ ಇಲಾಖೆಯ ಪಠ್ಯಕ್ರಮಕ್ಕೆ ಒಳಪಡಿಸಿದರು. ಜೀವಂತ ಮಾದರಿಯನ್ನು ನೋಡಿ ಬರೆಯುವ ತರಗತಿ ಅಕಾಡೆಮಿಯ ಪಾಲಿಗೆ ಬಂತು. ಲಾಡರ್ ಕಟ್ಟಿದ್ದ ಪರಂಪರೆ ಅಲ್ಲಿಗೆ ತುಂಡಾಯಿತು. ಆರ್ಚರ್ಡ್‌ಸನ್, ಪೆಟ್ಟಿ ಇಬ್ಬರೂ 1862ರಲ್ಲಿ ಲಂಡನ್ನಿಗೆ ಹೊರಟುಹೋದರು. ಮೆಕ್‌ಟ್ಯಾಗರ್ಟ್ ಉಳಿದು ಸ್ಕಾಟ್ಲೆಂಡಿನ ಕಡಲನ್ನು ಬರೆದರು. ಅಕಾಡೆಮಿಗೆ ತರಗತಿ ಸಿಕ್ಕಿತು, ಶಿಷ್ಯರನ್ನು ಊರಿನಲ್ಲಿ ಉಳಿಸಿಕೊಳ್ಳುವ ಮಾರುಕಟ್ಟೆ ಸಿಗಲಿಲ್ಲ.

ಚಿತ್ರಭಿತ್ತಿ

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಕಟ್ಟಡದ ವ್ಯವಹಾರ ಹೇಗೆ ಇತ್ಯರ್ಥವಾಯಿತು ಎಂಬುದನ್ನು ಹೇಳಬೇಕು. ಒಂದೇ ಸೂರಿನಡಿ ಎರಡು ಸಂಸಾರ ಅರ್ಧ ಶತಮಾನ ನಡೆಯಿತು. ರಾಷ್ಟ್ರೀಯ ಸಂಗ್ರಹ ಬೆಳೆಯಿತು, ಅಕಾಡೆಮಿಯ ವಾರ್ಷಿಕ ಪ್ರದರ್ಶನವೂ ಬೆಳೆಯಿತು, ಗೋಡೆಗಳು ಮಾತ್ರ ಬೆಳೆಯಲಿಲ್ಲ. 1906ರಲ್ಲಿ ಸಂಸತ್ತು ಕಾಯಿದೆ ಮಾಡಿ ಆ ಹಳೆಯ ಮಂಡಳಿಯನ್ನು ವಿಸರ್ಜಿಸಿ ಚಿತ್ರಶಾಲೆಗಳಿಗೆಂದೇ ಹೊಸ ಟ್ರಸ್ಟಿಗಳನ್ನು ನೇಮಿಸಿತು. ಹಿಂದಿನ ಕಟ್ಟಡ ಪೂರ್ತಿಯಾಗಿ ರಾಷ್ಟ್ರೀಯ ಚಿತ್ರಶಾಲೆಗೆ ಸೇರಿತು. ಮುಂದಿನ ಡೋರಿಕ್ ಕಟ್ಟಡದ ಒಳಭಾಗವನ್ನು 1909ರಿಂದ 1911ರವರೆಗೆ ವಾಸ್ತುಶಿಲ್ಪಿ ಓಲ್ಡ್ರೀವ್ ಹೊಸದಾಗಿ ರೂಪಿಸಿದರು. ಅಕಾಡೆಮಿ ಅಲ್ಲಿಗೆ ಬಂತು. ಯಾವ ಸಂಸ್ಥೆಯನ್ನು ಪ್ರತಿಭಟಿಸಿ ಕಲಾವಿದರು 1826ರಲ್ಲಿ ಹೊರಬಂದಿದ್ದರೋ ಆ ಸಂಸ್ಥೆಯ ಹೆಸರು ಹೊತ್ತಿದ್ದ ಕಟ್ಟಡವೇ ಅವರ ಹೆಸರಿಗೆ ಬಂತು.

ಆದರೆ ಬೆಲೆ ತೆರದೆ ಅಲ್ಲ. 1910ರಲ್ಲಿ ಅಕಾಡೆಮಿಯ ಸಂಗ್ರಹದ ಅನೇಕ ಮುಖ್ಯ ಚಿತ್ರಗಳು ರಾಷ್ಟ್ರೀಯ ಚಿತ್ರಶಾಲೆಗೆ ವರ್ಗವಾದವು. ಎಟ್ಟಿ ಅವರ 'ದಿ ಕಾಂಬ್ಯಾಟ್' ಸಹ ಅವುಗಳಲ್ಲಿ ಒಂದು. ಸಿಕ್ಕಿದ್ದು ಕಟ್ಟಡದ ಒಡೆತನವಲ್ಲ, ಬಳಸುವ ಹಕ್ಕು: ಕಚೇರಿಗೆ ಜಾಗ, ವರ್ಷದ ಒಂದು ಅವಧಿಯಲ್ಲಿ ಪ್ರದರ್ಶನಕ್ಕೆ ಸಭಾಂಗಣಗಳು. ಈ ಒಪ್ಪಂದದಲ್ಲಿ ಅಕಾಡೆಮಿಗೆ ಅನ್ಯಾಯವಾಯಿತೆಂದು ನಾನು ಭಾವಿಸುತ್ತೇನೆ. ತೀರ್ಪುಗಾರರು ಬಹುಶಃ ಒಪ್ಪಲಾರರು. ಸಾರ್ವಜನಿಕರಿಗೆ ಆ ಚಿತ್ರಗಳು ವರ್ಷವಿಡೀ ನೋಡಲು ಸಿಕ್ಕವಲ್ಲ ಎನ್ನಬಹುದು. ಆ ವಾದವನ್ನು ನಾನು ಗೌರವಿಸುತ್ತೇನೆ, ಆದರೂ ಕಲಾವಿದರು ತಮ್ಮ ದುಡಿಮೆಯಿಂದ ಕೊಂಡ ಚಿತ್ರಗಳನ್ನು ಸೂರಿಗಾಗಿ ಬಿಟ್ಟುಕೊಡುವ ಸ್ಥಿತಿ ಬರಬಾರದಿತ್ತು.

ತೀರ್ಪುಗಾರ

ಒಪ್ಪುವುದಿಲ್ಲ ಎಂಬ ಊಹೆ ಸರಿಯಾಗಿದೆ. 'ದಿ ಕಾಂಬ್ಯಾಟ್'ನಷ್ಟು ದೊಡ್ಡ ಚಿತ್ರವನ್ನು, ಪ್ರತಿ ವರ್ಷ ಹೊಸ ಪ್ರದರ್ಶನಕ್ಕಾಗಿ ಗೋಡೆ ತೆರವು ಮಾಡಲೇಬೇಕಾದ ಸಂಸ್ಥೆ ಎಲ್ಲಿ ತೂಗಬೇಕಿತ್ತು? ಡಿಪ್ಲೊಮಾ ಕೃತಿಗಳ ಸಂಗ್ರಹ ಅಕಾಡೆಮಿಯ ಬಳಿಯೇ ಉಳಿಯಿತು, ಪ್ರತಿಯೊಬ್ಬ ಹೊಸ ಸದಸ್ಯರೊಂದಿಗೆ ಇಂದಿಗೂ ಬೆಳೆಯುತ್ತಿದೆ. 2004ರಲ್ಲಿ ಎರಡು ಕಟ್ಟಡಗಳನ್ನು ನೆಲದಡಿಯಲ್ಲಿ ಜೋಡಿಸಿದ ಮೇಲೆ ನೋಡುವವರು ಒಂದರಿಂದ ಇನ್ನೊಂದಕ್ಕೆ ಬೀದಿಗೆ ಕಾಲಿಡದೆಯೇ ಹೋಗಬಹುದಾಗಿದೆ. ಒಡೆತನದ ಪ್ರಶ್ನೆಯನ್ನು ತಾವು ಎತ್ತಿದ್ದು ಸರಿ. ಆದರೆ 1910ರಲ್ಲಿ ಅಕಾಡೆಮಿ ಆ ಒಪ್ಪಂದಕ್ಕೆ ಒಲ್ಲೆನೆಂದಿದ್ದರೆ ಮತ್ತೆ ವಾಟರ್‌ಲೂ ಪ್ಲೇಸ್‌ನಂಥ ಬಾಡಿಗೆ ಕೊಠಡಿಯೇ ಗತಿಯಾಗುತ್ತಿತ್ತು.